ಹದಿನಾಲ್ಕು ಕೌದಿ

ಮಾಪ್ಸಾ, ಗೋವಾ
9 ಫೆಬ್ರವರಿ 2025

ಅದು ಸಾಲದು ಅಂತ ಮಧ್ಯಾಹ್ನ ಥಿನ್ನರ್ ಡಬ್ಬಿ ಬೇರೆ ಉರುಳಿತು, ಅಕ್ಕಾ. ಬೆಳಗ್ಗೆ ನೀರಿಲ್ಲ, ಆಮೇಲೆ ಕರೆಂಟಿಲ್ಲ, ಊಟಕ್ಕೆ ಅಂತ ಎದ್ದರೆ ಮೊಣಕೈ ತಾಗಿ ಡಬ್ಬಿ ಉರುಳಿ, ಸಂತ ಸೆಬಾಸ್ಟಿಯನ್ನರ ಮೂರ್ತಿಯ ಎರಡೂ ಕಾಲಿನ ಬಣ್ಣ ಕರಗಿ ನೆಲಕ್ಕಿಳಿಯಿತು. ಮೂರು ದಿನದ ಕೆಲಸ. ಉಲ್ಲಾಸ್ ಸೇಟ್ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿ ಇತ್ತು. ಬಂದು ನೋಡಿ, ಯೇಸು ಶಿಷ್ಯರ ಕಾಲು ತೊಳೆದ ಗುರುವಾರ ಇನ್ನೂ ದೂರ ಇದೆಯಲ್ಲೋ ಸಾಲು, ಈಗಲೇ ಶುರು ಮಾಡಿದೆಯಾ ಅಂದರು. ಅವರು ಹಿಂದೂ, ಆದರೆ ಸಂತರ ಮೂರ್ತಿಗೆ ಬಣ್ಣ ಹೊಡೆಸುವ ಅಂಗಡಿ ಇಟ್ಟು ಇಟ್ಟು ನಮ್ಮ ಹಬ್ಬಗಳೆಲ್ಲ ನನಗಿಂತ ಚೆನ್ನಾಗಿ ಗೊತ್ತು.

ನೀನು ಮಲಗಿರುತ್ತೀಯ. ನಾನು ರೂಮಿಗೆ ಬರುವಾಗ ಈ ಹೊತ್ತಾಗುತ್ತದೆ. ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ತಪ್ಪಿದ್ದರೆ ಅದರ ತಪ್ಪು. ಮಾಯ್‌ಗೆ ಓದಿ ಹೇಳು. ಫೋನ್ ಕಿವಿಗೆ ಕೊಟ್ಟರೆ ಅವಳು "ಹಾಂ" ಬಿಟ್ಟು ಬೇರೇನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಪಾಯ್ ತೀರಿಹೋದ ಮೇಲೆ ತಾಯಿ ಮಗ ಹಾಗೇ ಆಗಿದ್ದೇವೆ.

ವಿಷಯ ಏನೆಂದರೆ ನಮ್ಮ ಇಗರ್ಜಿಯ ಫಾದರ್ ರಿಚರ್ಡ್ ನನಗೆ ಫೋನ್ ಮಾಡಿದ್ದರು. ಶಿಲುಬೆ ಹಾದಿಯ ಕಾಗದದ ಚಿತ್ರಗಳನ್ನು ಗೆದ್ದಲು ತಿಂದಿದೆ ಅಂದರು. ಯೇಸುವಿಗೆ ತೀರ್ಪು ಕೊಡುವುದರಿಂದ ಸಮಾಧಿ ಮಾಡುವವರೆಗೆ ಹದಿನಾಲ್ಕು ಸ್ಥಳದ್ದೂ ಹೋಗಿದೆಯಂತೆ. ಈ ಸಲ ಚಿತ್ರದ ಬದಲು ಕೇರಿಯ ಹೆಂಗಸರೇ ಒಂದೊಂದು ಸ್ಥಳಕ್ಕೆ ಒಂದೊಂದು ಕೌದಿ ಹೊಲಿಯುತ್ತೀರಂತೆ. ಹಳೇ ಬಟ್ಟೆಯಿಂದ ಮುಖ ಮಾಡಲು ಅವರಿಗೆ ಬರುವುದಿಲ್ಲ, ಆದ್ದರಿಂದ ಯೇಸುವಿನ ಮುಖ ಹದಿನಾಲ್ಕು ನೀನು ಕ್ಯಾನ್ವಾಸ್ ಬಟ್ಟೆಯ ಮೇಲೆ ಬರೆದು ಕಳಿಸು, ಅದನ್ನು ಮೇಲೆ ಕೂರಿಸಿ ಹೊಲಿಯುತ್ತಾರೆ ಅಂದರು. ಆಯಿತು ಅಂದೆ. ಮುಖ ಮಾಡುವುದು ನನಗೆ ಕೈಯಲ್ಲೇ ಇದೆ, ತಲೆ ಬೇಕಿಲ್ಲ.

ಆ ಬೇಲಿ ಇನ್ನೂ ಇದೆಯಾ?

ನಿನ್ನ ತಮ್ಮ,
ಸಾಲು

*

ಮಾಗೋಡು ರಸ್ತೆ, ಯಲ್ಲಾಪುರ
23 ಫೆಬ್ರವರಿ 2025

ಸಾಲು,

ನಿನ್ನ ಹಾಗೆ ಕತ್ತಲಲ್ಲಿ ಫೋನಿನ ಜೊತೆ ಮಾತಾಡಲು ನನಗೆ ನಾಚಿಕೆ. ಬೆರಳಲ್ಲೇ ಒತ್ತಿ ಬರೆಯುತ್ತಿದ್ದೇನೆ.

ಬೇಲಿ ಇದೆ. ಎಲ್ಲಿಗೆ ಹೋಗುತ್ತದೆ ಅದು. ರೆಸಾರ್ಟ್ ಮಾಡುತ್ತೇವೆ ಎಂದು ಬೆಟ್ಟದ ಅರ್ಧ ಕೊಂಡವರು ಕ್ರಿಸ್ಮಸ್ಸಿಗೆ ಮುಂಚೆ ಹಾಕಿದ್ದು, ಈಗ ಸೊಂಟದೆತ್ತರ ಇದ್ದದ್ದನ್ನು ಎದೆಯೆತ್ತರ ಮಾಡಿದ್ದಾರೆ. ಮುಳ್ಳುತಂತಿ, ಒಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಗುಡ್ಡದ ತುದಿಯ ಸಮಾಧಿ ಜಾಗ ಇಗರ್ಜಿಯದ್ದೇ, ಅದನ್ನು ಅವರೂ ಒಪ್ಪುತ್ತಾರೆ. ಅಲ್ಲಿಗೆ ಹೋಗುವ ಹಾದಿ ಮಾತ್ರ ತಮ್ಮದು ಎನ್ನುತ್ತಾರೆ. ಹೋಗುವುದು ಹೇಗೆ ಎಂದು ಕೇಳಿದರೆ, ಯಾರಾದರೂ ಸತ್ತರೆ ಹೇಳಿ, ಆವತ್ತು ಬೀಗ ತೆಗೆಯುತ್ತೇವೆ ಎಂದರು ಮ್ಯಾನೇಜರು. ಬಹಳ ಮರ್ಯಾದೆಯಿಂದಲೇ ಹೇಳಿದರು.

ಅಂದಮೇಲೆ ಪಾಯ್ ಹತ್ತಿರ ಹೋಗಲು ಮಾಯ್‌ಗೆ ಈಗ ಇನ್ನೊಬ್ಬರು ಸಾಯಬೇಕು. ಅವನು ತೀರಿಹೋದಾಗ ನೀನಂತೂ ಡೆಂಗಿ ಜ್ವರದಲ್ಲಿ ಅಲ್ಲಿ ಮಲಗಿದ್ದೆ, ಅಪ್ಪನಿಗೆ ಮಣ್ಣು ಕೂಡ ಹಾಕಲಾಗಲಿಲ್ಲ. ಮಾಯ್ ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಗೇಟಿನವರೆಗೆ ಹೋಗಿ, ನಿಂತು, ವಾಪಸ್ ಬರುತ್ತಾಳೆ. ಅಲ್ಲಿ ಕಾವಲಿಗಿರುವುದು ಯಾರು ಗೊತ್ತಾ, ನಮ್ಮ ಕೆಳಗಿನ ಕೇರಿಯ ಚೌಡ. ಪಾಯ್‌ನ ಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವಳು ಬರುವುದು ಕಂಡರೆ ಶೆಡ್ಡಿನ ಒಳಗೆ ಹೋಗಿ ಕೂರುತ್ತಾನೆ, ಪಾಪ.

ಈಗ ನಿನ್ನ ಫಾದರ್ ವಿಷಯ. ಶುಭ ಶುಕ್ರವಾರದ ಶಿಲುಬೆ ಹಾದಿ ಯಾವತ್ತೂ ಇಗರ್ಜಿಯಿಂದ ಹೊರಟು ಸಮಾಧಿ ಗುಡ್ಡದಲ್ಲಿ ಮುಗಿಯುತ್ತದೆ. ಕೊನೆಯ ಎರಡು ಸ್ಥಳ ಬೇಲಿಯ ಒಳಗೆ ಬರುತ್ತವೆ. ಈ ಸಲ ಇಗರ್ಜಿಯ ಸುತ್ತಲೇ ಹಗ್ಗ ಕಟ್ಟಿ ಕೌದಿ ತೂಗಿಸಿ, ಅಲ್ಲೇ ಸುತ್ತು ಹಾಕೋಣ ಎಂದರು ಫಾದರ್. ಬಿಷಪರಿಗೂ ಫೋಟೊ ಕಳಿಸಬಹುದು, ಚೆನ್ನಾಗಿ ಕಾಣುತ್ತದೆ ಎಂದರು. ನಾವು ಹಳೇ ಹಾದಿಯಲ್ಲೇ ಹೋಗುತ್ತೇವೆ ಎಂದೆವು. ಅವರಿಗೆ ಹೆದರಿಕೆ. ಮುಂಚೆ ಸಿದ್ದಾಪುರದ ಕಡೆ ಇದ್ದಾಗ ಯಾವುದೋ ಮೆರವಣಿಗೆಯಲ್ಲಿ ಮೂವರ ಮೇಲೆ ಕೇಸಾಗಿ, ಅವರು ಇವತ್ತಿಗೂ ಕೋರ್ಟಿಗೆ ಅಲೆಯುತ್ತಿದ್ದಾರಂತೆ. ಆ ಮೂವರ ಹೆಸರನ್ನೂ ಒಂದೊಂದಾಗಿ ಹೇಳಿದರು.

"ಜಸಿಂತ್, ಪ್ರಾರ್ಥನೆಯನ್ನ ಮೋರ್ಚಾ ಮಾಡ್ಬೇಡ" ಎಂದರು.

"ಶಿಲುಬೆ ಹೊತ್ಕಂಡು ಊರ ಹೊರಗೆ ಹೋದದ್ದು ಎಂತದು ಹಾಗಾರೆ, ಫಾದರ್?" ಎಂದೆ.

ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಕೇರಿಯಲ್ಲಿ ಮನೆ ಹನ್ನೊಂದೇ, ಹದಿನಾಲ್ಕು ಯಾರು ಹೊಲಿಯುವುದು ಎಂದು ನೋಡಿದರೆ ಕೆಳಗಿನ ಕೇರಿಯಿಂದ ಗೌರಕ್ಕ ಬಂದಳು. ಅವಳಿಗೆ ಇಗರ್ಜಿಯೂ ಇಲ್ಲ, ಉಪವಾಸದ ತಪಸ್ಸು ಕಾಲವೂ ಇಲ್ಲ. "ನಿಮ್ಮ ದೇವ್ರು ಮೂರ್ ಸಲ ಬೀಳ್ತ ಅಂದ್ರಲಾ, ಒಂದ್ ಸಲದ್ದು ನಂಗೆ ಕೊಡಿ" ಎಂದಳು. ಕೊಟ್ಟೆವು. ಉಳಿದ ಹದಿಮೂರಕ್ಕೆ ಚೀಟಿ ಎತ್ತಿದೆವು, ಎರಡು ಮನೆಗೆ ಎರಡೆರಡು ಬಂತು. ಮಾಯ್‌ಗೆ ಬಂದದ್ದು ಹದಿನಾಲ್ಕನೆಯದು, ಯೇಸುವನ್ನು ಸಮಾಧಿ ಮಾಡುವುದು.

ಚೀಟಿಯನ್ನು ಅವಳು ಸೆರಗಿನ ತುದಿಗೆ ಕಟ್ಟಿಕೊಂಡಳು. ಮರುದಿನ ಪಾಯ್‌ನ ಬಟ್ಟೆಯ ಟ್ರಂಕು ತೆಗೆದಳು.

ಸರಿಯಾಗಿ ಉಣ್ಣು.
ಜಸಿಂತ್

*

ಮಾಪ್ಸಾ
9 ಮಾರ್ಚ್ 2025

ಅಕ್ಕಾ,

ಮುಖ ಹದಿನಾಲ್ಕೂ ಆಯಿತು. ನಾಳೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ, ಯಲ್ಲಾಪುರ ಸ್ಟ್ಯಾಂಡಿನಲ್ಲಿ ಇಳಿಸಿಕೋ. ಒಂದೊಂದೂ ಎರಡು ಅಂಗೈಯಷ್ಟು ದೊಡ್ಡದು. ಕ್ಯಾನ್ವಾಸ್ ಗಟ್ಟಿ ಇದೆ, ಸೂಜಿ ಇಳಿಯದಿದ್ದರೆ ಮೊದಲು ದಬ್ಬಣದಿಂದ ತೂತು ಮಾಡಿಕೊಳ್ಳಿ.

ಮೈಬಣ್ಣಕ್ಕೆ ಇಲ್ಲಿ ಒಂದು ಡಬ್ಬಿ ಇದೆ. ಸೇಟ್ ಮುಂಬೈಯಿಂದ ತರಿಸುತ್ತಾರೆ. ಎಲ್ಲ ಸಂತರಿಗೂ, ಮಾತೆಗೂ, ಬಾಲಯೇಸುವಿಗೂ ಅದೇ ಡಬ್ಬಿ. ಕೆನ್ನೆಗೆ ಮಾತ್ರ ಸ್ವಲ್ಪ ಕೆಂಪು ಬೆರೆಸುತ್ತೇವೆ. ಕಣ್ಣು ಕೊನೆಗೆ. ನಾನು ಹದಿನಾಲ್ಕಕ್ಕೂ ಅದೇ ಹೊಡೆದೆ. ಒಂದನೆಯದಕ್ಕೂ ಹದಿನಾಲ್ಕನೆಯದಕ್ಕೂ ವ್ಯತ್ಯಾಸ ಏನೆಂದರೆ ಹದಿನಾಲ್ಕನೆಯದರಲ್ಲಿ ಕಣ್ಣು ಮುಚ್ಚಿದೆ, ಅಷ್ಟೇ. ಅದು ಬೇಗ ಮುಗಿಯಿತು.

ನೀನು ಬರೆದದ್ದನ್ನು ಊಟದ ಹೊತ್ತಿಗೆ ಓದಿದೆ. ಓದಿ ಮತ್ತೆ ಕೆಲಸಕ್ಕೆ ಕೂತೆ. ಮನಸ್ಸಿಗೆ ಏನಾದರೂ ಆಗಬೇಕಿತ್ತು ಅನ್ನಿಸಿತು, ಏನೂ ಆಗಲಿಲ್ಲ. ಕೆನ್ನೆಯ ಕೆಂಪು ಬೆರೆಸುತ್ತಾ ಇದ್ದೆ, ಬೆರೆಸಿದೆ. ಕಾಲಿನ ಮೇಲೆ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ. ಊರಿಗೆ ಬರುತ್ತೇನೆ ಅಂತ ಬ್ಯಾಗು ತೆಗೆಯುತ್ತೇನೆ, ಮತ್ತೆ ಒಳಗಿಡುತ್ತೇನೆ. ಬೀಚಿಗೆ ಹೋಗುತ್ತೇನೆ, ಕೂರಲಾಗುವುದಿಲ್ಲ, ವಾಪಸ್ ಬರುತ್ತೇನೆ. ರೂಮಿನಲ್ಲಿರುವ ಇಬ್ಬರೂ, ಇವನ ಕಾಲಲ್ಲಿ ಚಕ್ರ ಇದೆ ಅಂತ ನಗುತ್ತಾರೆ.

ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಬೇಡ. ಫಾದರ್ ಹೇಳಿದ್ದೇ ಸರಿ. ಕೌದಿಯಿಂದ ಬೀಗ ತೆಗೆಯುವುದಿಲ್ಲ, ಚಿತ್ರದಿಂದಲೂ ಇಲ್ಲ. ನಾನು ದಿನಾ ಮುಖವೇ ಮಾಡುತ್ತೇನೆ. ಒಂದು ಮುಖ ನೋಡಿ ಒಬ್ಬ ಮನುಷ್ಯ ಬದಲಾದದ್ದನ್ನು ನಾನು ಕಂಡಿಲ್ಲ. ತಗೊಳ್ಳುವವರು ಬರುತ್ತಾರೆ, ಮೂಗು ನೆಟ್ಟಗಿದೆಯಾ ನೋಡುತ್ತಾರೆ, ಕಾರಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ನೀವು ಹೊಲಿಯಿರಿ, ತೂಗಿಸಿ, ಪ್ರಾರ್ಥನೆ ಮಾಡಿ. ರೆಸಾರ್ಟಿನವರ ಜೊತೆ ಜಗಳ ಬೇಡ. ಮಾಯ್‌ಗೆ ಮೊಣಕಾಲು ಬೇರೆ ನೋವು.

ನಿನ್ನ,
ಸಾಲು

*

ಮಾಗೋಡು ರಸ್ತೆ
24 ಮಾರ್ಚ್ 2025

ಸಾಲು,

ಪಾರ್ಸೆಲ್ ಬಂತು. ನಡೆದದ್ದನ್ನು ಹಾಗೇ ಹೇಳುತ್ತೇನೆ, ನೀನು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಎಲ್ಲ ಹೆಂಗಸರೂ ನಮ್ಮ ಅಂಗಳದಲ್ಲೇ ಕೂತು ಹೊಲಿಯುತ್ತಿದ್ದೆವು. ಬಿಚ್ಚಿ ಚಾಪೆಯ ಮೇಲೆ ಹರಡಿದೆ. ಚೆನ್ನಾಗಿ ಮಾಡಿದ್ದಾನೆ, ಕೈ ಕೂತಿದೆ ಎಂದು ಎಲ್ಲರೂ ಹೇಳಿದರು. ಗೌರಕ್ಕ ಒಂದನ್ನು ಎತ್ತಿ ದೂರ ಹಿಡಿದು ನೋಡಿದಳು. "ಯಾರಾ ಇಂವ, ಬ್ಯಾಂಕಿನ ಮೆನೇಜರನಾ?" ಎಂದಳು. ಮೂರು ಸಲ ಬಿದ್ದವನ ಮುಖಕ್ಕೆ ಒಂದು ಚೂರು ಧೂಳೂ ಇಲ್ಲವಲ್ಲ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾಯ್ ನಗಲಿಲ್ಲ. ಹದಿನಾಲ್ಕನ್ನೂ ಒಂದರ ಮೇಲೊಂದು ಇಟ್ಟು ಮಡಿಲಲ್ಲಿ ಇಟ್ಟುಕೊಂಡಳು.

ಹತ್ತು ದಿನದ ಮೇಲೆ ಫಾದರ್ ನೋಡಲು ಬಂದರು. ಐದಾರು ಕೌದಿ ಮುಗಿದಿದ್ದವು. ಪ್ರತಿಯೊಂದನ್ನೂ ಬಿಡಿಸಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಎಲ್ಲಾ ಚೌಕ ಚೌಕ ತುಂಡು, ಸಾಲುಹೊಲಿಗೆ, ಮೂಲೆಯಲ್ಲಿ ಮಡಚಿ ಹೊಲಿದ ಹೂವು. ನಾವು ಯಾವತ್ತೂ ಹೊಲಿಯುವ ಹಾಗೇ. ಮುಖ ಎಲ್ಲಿ ಎಂದು ಕೇಳಿದರು.

"ಒಳಗದೆ" ಎಂದಳು ಮಾಯ್.

ಒಳಗೆ ಎಂದರೆ? ಎಲ್ಲ ಕೌದಿಗೂ ಒಳಗೆ ಹಳೇ ಸೀರೆ, ಲುಂಗಿ, ಪದರ ಪದರ ಇಡುತ್ತೇವಲ್ಲ, ಆ ಪದರಗಳ ನಡುವೆ ನಿನ್ನ ಮುಖಗಳನ್ನು ಇಟ್ಟು ಹೊಲಿಸಿಬಿಟ್ಟಿದ್ದಾಳೆ. ಅವಳು ಹೇಳಿದ್ದು, ಉಳಿದವರು ಮಾಡಿದ್ದು. ಫಾದರ್ ಬಹಳ ಹೊತ್ತು ಕೌದಿಯನ್ನು ಕೈಯಲ್ಲಿ ಅಮುಕಿ ನೋಡಿದರು, ಆ ಗಟ್ಟಿ ತುಂಡು ಎಲ್ಲಿದೆ ಎಂದು. ಕಾಣದ ಚಿತ್ರ ಯಾರಿಗೆ ಬೇಕು, ಜನ ಏನನ್ನು ನೋಡಿ ಧ್ಯಾನ ಮಾಡಬೇಕು ಎಂದು ಕೇಳಿದರು. ಸಿಟ್ಟು ಇರಲಿಲ್ಲ, ನಿಜವಾಗಿಯೂ ಕೇಳಿದರು.

ಮಾಯ್ ಸೂಜಿಗೆ ದಾರ ಪೋಣಿಸುತ್ತಾ ಇದ್ದಳು. "ಕೌದಿ ನೋಡೂಕೆ ಅಲ್ಲಾ ಫಾದರ್. ಮನಿಯವ್ರ ಬಟ್ಟೆ ಎಲ್ಲಾ ಒಳಗೇ ಹೋಗುದು. ಅವ್ನೂ ಮನಿಯವ್ನೇ ಅಲ್ದಾ" ಎಂದಳು.

ಅವ್ನು ಎಂದದ್ದು ಯೇಸುವಿಗೋ, ನಿನಗೋ, ಪಾಯ್‌ಗೋ, ನಾನು ಕೇಳಲಿಲ್ಲ.

ಫಾದರ್ ಚಹಾ ಕುಡಿದು ಹೋದರು. ಗೇಟಿನವರೆಗೆ ಹೋಗೋಣ, ಅಲ್ಲಿಗೆ ನಿಲ್ಲಿಸೋಣ, ಕೊನೆಯ ಎರಡು ಸ್ಥಳದ ಪ್ರಾರ್ಥನೆ ಹೊರಗೇ ಮಾಡೋಣ ಎಂದು ಹೇಳಿ ಹೋದರು. ಇಗರ್ಜಿಯ ಸುತ್ತು ಎನ್ನುವುದರಿಂದ ಗೇಟಿನವರೆಗೆ ಬಂದರಲ್ಲ, ಅಷ್ಟಾಯಿತು. ನಾನು ತಹಶೀಲ್ದಾರರಿಗೂ ಒಂದು ಅರ್ಜಿ ಕೊಟ್ಟು ಬಂದಿದ್ದೇನೆ. ಹುಲೇಕಲ್ ಕಡೆಯವರೊಬ್ಬರು ವಕೀಲರು ಶಿರಸಿಯಲ್ಲಿದ್ದಾರೆ, ಓಡಾಡಿದ ಹಾದಿಗೆ ಹಕ್ಕು ಇರುತ್ತದೆ, ಓಡಾಡುವುದನ್ನು ನಿಲ್ಲಿಸಬೇಡಿ ಎಂದಿದ್ದಾರೆ.

ನಿನ್ನ ಆ ಮಾತಿಗೆ ನನಗೆ ಸಿಟ್ಟು ಬಂದಿಲ್ಲ. ಜೋಮಿನ ಮಾತಿಗೆ ಬಂತು. ಜೋಮು ಹಿಡಿದರೆ ಎದ್ದು ನಡೆಯಬೇಕು.

ಜಸಿಂತ್

*

ಮಾಪ್ಸಾ
6 ಏಪ್ರಿಲ್ 2025

ಅಕ್ಕಾ,

ಒಳಗೆ ಇಟ್ಟದ್ದು ಸರಿ. ಬೇಜಾರಿಲ್ಲ. ಬ್ಯಾಂಕ್ ಮ್ಯಾನೇಜರ್ ಅನ್ನುವುದೂ ಸರಿ. ಆಮೇಲೆ ನನಗೂ ಹಾಗೇ ಕಾಣುತ್ತಿದೆ, ಅಂಗಡಿ ತುಂಬಾ ಮ್ಯಾನೇಜರುಗಳು ಸಾಲಾಗಿ ನಿಂತ ಹಾಗೆ.

ಮೊನ್ನೆ ಒಂದು ಸಂತ ಅಂತೋನಿ ಬಂದಿತ್ತು. ಮೈಬಣ್ಣದ ಡಬ್ಬಿಗೆ ನಾನು ಕಂದು ಬೆರೆಸಿದೆ. ಸ್ವಲ್ಪ ಬೆರೆಸಿದೆ, ಮತ್ತೆ ಸ್ವಲ್ಪ. ಕೊನೆಗೆ ನಮ್ಮ ಕೈ ಇದ್ದ ಹಾಗೆ ಆಯಿತು. ಯಾಕೆ ಮಾಡಿದೆ ಗೊತ್ತಿಲ್ಲ. ಸೇಟ್ ನೋಡಿ, ಇದನ್ನು ತಗೊಂಡವರು ನಾಳೆ ವಾಪಸ್ ತರುತ್ತಾರೆ, ಉಜ್ಜಿ ತೆಗೆ ಅಂದರು. ಉಜ್ಜಿ ತೆಗೆದೆ. ಮತ್ತೆ ಡಬ್ಬಿ ಬಣ್ಣ ಹೊಡೆದೆ. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಹಬ್ಬ ಹತ್ತಿರ ಬಂತು, ರಜೆ ಕೇಳಿದೆ, ಆಗುವುದಿಲ್ಲ ಅಂದರು. ಸಿಕ್ಕಿದ್ದರೆ ಬರುತ್ತಿದ್ದೆನಾ ಅಂತ ಕೇಳಿಕೊಂಡೆ, ಅದೂ ಗೊತ್ತಾಗಲಿಲ್ಲ.

ಶುಭ ಶುಕ್ರವಾರ ಜಾಗ್ರತೆ. ಮಾಯ್‌ನ ಕೈ ಹಿಡಿದುಕೋ.

ಸಾಲು

*

ಮಾಗೋಡು ರಸ್ತೆ
21 ಏಪ್ರಿಲ್ 2025

ಸಾಲು,

ಪಾಸ್ಖ ಹಬ್ಬದ ಶುಭಾಶಯ. ಯೇಸು ಎದ್ದು ಬಂದ ಹಬ್ಬ ನಿನ್ನೆ ಆಯಿತು. ಶುಕ್ರವಾರದ್ದನ್ನು ಬರೆಯಲು ಇವತ್ತು ಸಮಯ ಸಿಕ್ಕಿತು. ನೀನು ಪೇಪರಿನಲ್ಲಿ ಫೋಟೊ ನೋಡಿರಬಹುದು. ಅದರಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಮಧ್ಯಾಹ್ನ ಮೂರಕ್ಕೆ ಹೊರಟೆವು. ಪ್ರತಿ ಸ್ಥಳದಲ್ಲೂ ಅದರ ಕೌದಿ ಹೊಲಿದ ಮನೆಯ ಇಬ್ಬರು ಅದನ್ನು ಬಿಡಿಸಿ ಹಿಡಿದು ನಿಲ್ಲುವುದು, ಫಾದರ್ ಓದುವುದು, ಮೊಣಕಾಲೂರುವುದು, ಮಡಚಿ ತಲೆಯ ಮೇಲಿಟ್ಟುಕೊಂಡು ಮುಂದೆ ಹೋಗುವುದು. ಒಂಬತ್ತನೆಯದರಲ್ಲಿ ಗೌರಕ್ಕ ಹಿಡಿದು ನಿಂತಳು. ಓದುವುದು ಮುಗಿಯುವ ತನಕ ಕೌದಿಯ ಅಂಚು ನೆಲಕ್ಕೆ ತಾಗಲು ಬಿಡಲಿಲ್ಲ.

ಗೇಟಿನ ಮುಂದೆ ಹನ್ನೆರಡನೆಯದು. ಯೇಸು ಪ್ರಾಣ ಬಿಡುವುದು. ಆಮೇಲೆ ಫಾದರ್ ನಮ್ಮ ಕಡೆ ತಿರುಗಿ, ಉಳಿದೆರಡನ್ನು ಇಲ್ಲೇ ಪ್ರಾರ್ಥಿಸೋಣ, ದೇವರು ಇಲ್ಲಿಂದಲೂ ಕೇಳುತ್ತಾನೆ ಎಂದರು. ಕೆಲವರು ಮೊಣಕಾಲೂರಿದರು. ಮಾಯ್ ಊರಲಿಲ್ಲ. ಅವಳು ಗೇಟಿನ ಹತ್ತಿರವೂ ಹೋಗಲಿಲ್ಲ. ಪಕ್ಕಕ್ಕೆ ನಡೆದು, ತಲೆಯ ಮೇಲಿದ್ದ ಕೌದಿ ಇಳಿಸಿ, ಹಸಿ ಬಟ್ಟೆ ಒಣಗಿಸುವ ಹಾಗೆ ಮುಳ್ಳುತಂತಿಯ ಮೇಲೆ ಹಾಕಿದಳು. ಎರಡೂ ಕೈಯಲ್ಲಿ ಒತ್ತಿ ನೋಡಿದಳು.

ಚೌಡ ಶೆಡ್ಡಿನಿಂದ ಓಡಿ ಬಂದ. "ಲುವಿಜಕ್ಕಾ, ಬ್ಯಾಡ. ನನ್ನ ಕೆಲ್ಸ ಹೋಗ್ತದೆ."

"ನಿನ್ನ ಕೆಲ್ಸ ಗೇಟಿಂದು. ಗೇಟು ನಾ ಮುಟ್ಟಲಿಲ್ಲ" ಎಂದಳು.

ಹೇಳಿ ಒಂದು ಕಾಲು ಎತ್ತಿದಳು. ಮೊಣಕಾಲು ಕೇಳಬೇಕಲ್ಲ. ನಾನು ಹಿಂದಿನಿಂದ ನೂಕಿದೆ, ಹೇಗೋ ಮೇಲೆ ಹತ್ತಿದಳು, ಅಲ್ಲಿಗೆ ನಿಂತುಬಿಟ್ಟಳು. ಈ ಕಾಲು ಇತ್ತ, ಆ ಕಾಲು ಅತ್ತ, ನಡುವೆ ಕೌದಿ. ಇಳಿಯಲೂ ಆಗುವುದಿಲ್ಲ, ವಾಪಸ್ ಬರಲೂ ಆಗುವುದಿಲ್ಲ. ಗೌರಕ್ಕ ಜೋರಾಗಿ ನಕ್ಕಳು. ಶುಭ ಶುಕ್ರವಾರ, ಯೇಸು ಈಗಷ್ಟೇ ಸತ್ತಿದ್ದಾನೆ, ಅವಳು ನಗುತ್ತಿದ್ದಾಳೆ. ಮಾಯ್ ಕೂಡ ನಕ್ಕಳು ಸಾಲು. ಪಾಯ್ ಹೋದ ಮೇಲೆ ಮೊದಲ ಸಲ ನಾನು ಕಂಡದ್ದು.

ಗೌರಕ್ಕ ತನ್ನ ಕೌದಿಯನ್ನೂ ತಂದು ಹಾಕಿದಳು. ಆಮೇಲೆ ಎಲ್ಲರೂ. ತಂತಿ ಭಾರಕ್ಕೆ ಬಾಗಿತು. ಆದರೂ ಮಾಯ್‌ನ ಇತ್ತಲಿನ ಕಾಲಿಗೆ ಆಧಾರವಿಲ್ಲ, ನನ್ನ ಕೈಗೆ ಅವಳ ಭಾರ ತಡೆಯುತ್ತಿಲ್ಲ. ಅಷ್ಟರಲ್ಲಿ ಫಾದರ್ ಬಂದರು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ, ಅವಳ ಪಾದವನ್ನು ತಮ್ಮ ಹೆಗಲ ಮೇಲೆ ಇಡಿಸಿಕೊಂಡು ನಿಧಾನ ಎದ್ದರು. ಬಿಳಿ ನಿಲುವಂಗಿಯ ಮೇಲೆ ಕೆಂಪು ಮಣ್ಣಿನ ಪಾದ ಹಾಗೇ ಅಚ್ಚಾಯಿತು. ಅತ್ತ ಕಡೆ ಅವಳನ್ನು ಹಿಡಿಯಲು ಯಾರೂ ಇರಲಿಲ್ಲ, ಚೌಡ ಒಬ್ಬನೇ. ಅವನು ರಸ್ತೆಯ ಕಡೆ ಒಂದು ಸಲ ನೋಡಿದ. ಕೋಲು ಕೆಳಗಿಟ್ಟು ಎರಡೂ ಕೈ ಚಾಚಿದ.

ಫಾದರ್ ಕೊನೆಯವರಾಗಿ ದಾಟಿದರು. ನಿಲುವಂಗಿ ಸಿಕ್ಕಿ ಹರಿಯಿತು.

ಹದಿಮೂರನೆಯದನ್ನು ಹಾದಿಯಲ್ಲಿ, ಹದಿನಾಲ್ಕನೆಯದನ್ನು ಪಾಯ್‌ನ ಸಮಾಧಿಯ ಹತ್ತಿರವೇ ಓದಿದರು. ಹುಲ್ಲು ಮಂಡಿಯೆತ್ತರ ಬೆಳೆದಿತ್ತು. ಮಾಯ್ ಕೂತು ಕೀಳುತ್ತಾ ಇದ್ದಳು. ಓದುವುದು ಮುಗಿದರೂ ಕೀಳುತ್ತಾ ಇದ್ದಳು, ನಾವೂ ಕೂತೆವು, ಎಲ್ಲಾ ಸಮಾಧಿಯ ಹುಲ್ಲೂ ಕಿತ್ತೆವು.

ವಾಪಸ್ ಬರುವಾಗ ಪೊಲೀಸ್ ಜೀಪು ಬಂದಿತ್ತು. ಆರು ಜನರ ಹೆಸರು ಬರೆದುಕೊಂಡರು, ಮೊದಲು ಫಾದರದ್ದು, ಆಮೇಲೆ ಮಾಯ್, ನಾನು. ಸಾಕ್ಷಿಗೆ ಬೇಕು ಎಂದು ಮೂರು ಕೌದಿ ಒಯ್ದರು. ಮಾಯ್‌ದು ಅದರಲ್ಲಿ ಹೋಯಿತು. ಒಯ್ಯುವ ಮುಂಚೆ ನಾನು ತಿರುಗಿಸಿ ನೋಡಿದೆ. ಮುಳ್ಳು ಮೇಲಿನ ಪದರ ಹರಿದು, ಪಾಯ್‌ನ ಹಸಿರು ಲುಂಗಿ ಹರಿದು, ನಿನ್ನ ಕ್ಯಾನ್ವಾಸಿಗೆ ಸಿಕ್ಕಿ ಅಲ್ಲಿಗೆ ನಿಂತಿತ್ತು. ಮಾಯ್‌ನ ತೊಡೆಗೆ ಒಂದು ಗೀರೂ ಇಲ್ಲ.

ನಿನಗೆ ತಿಳಿದಿರಲಿ ಎಂದು ಬರೆದೆ.

ಜಸಿಂತ್

*

ಮಾಗೋಡು ರಸ್ತೆ
10 ಮೇ 2025

ಸಾಲು,

ಮೂರು ವಾರವಾಯಿತು, ನಿನ್ನ ಸುದ್ದಿಯಿಲ್ಲ. ಓದಿದ ಗುರುತು ಮಾತ್ರ ನೀಲಿಯಾಗಿ ಬಿದ್ದಿದೆ. ಇರಲಿ.

ಚೌಡನ ಕೆಲಸ ಹೋಯಿತು. ಮಾಯ್ ಅವನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲು ತೆಗೆಯಲಿಲ್ಲ. ಮಾಯ್ ಜಗಲಿಯ ಮೇಲೆ ಅಕ್ಕಿ ಇಟ್ಟು ಬಂದಳು, ಮರುದಿನ ಅದು ನಮ್ಮ ಜಗಲಿಯ ಮೇಲಿತ್ತು. ಇದನ್ನು ಯಾವ ಪೇಪರಿನವರೂ ಬರೆಯಲಿಲ್ಲ. ನನಗೆ ರಾತ್ರಿ ನಿದ್ದೆ ಬರದಿರುವುದು ಕೇಸಿಗಲ್ಲ, ಇದಕ್ಕೆ.

ಫಾದರನ್ನು ಬಿಷಪರ ಮನೆಗೆ ಕರೆಸಿದ್ದರು. ಹೋಗಿ ಬಂದರು. ಒಳ್ಳೆಯದು ಎಂದೂ ಹೇಳಲಿಲ್ಲವಂತೆ, ಕೆಟ್ಟದ್ದು ಎಂದೂ ಹೇಳಲಿಲ್ಲವಂತೆ, ಮೀನು ಊಟ ಹಾಕಿ ಕಳಿಸಿದರಂತೆ. ಹರಿದ ನಿಲುವಂಗಿಗೆ ಮಾಯ್ ತೇಪೆ ಹಾಕಿಕೊಟ್ಟಿದ್ದಾಳೆ, ಹೂವಿನ ಬಟ್ಟೆಯದ್ದು. ಅದನ್ನೇ ಹಾಕಿಕೊಂಡು ಪೂಜೆ ಮಾಡುತ್ತಾರೆ.

ಪಣಜಿಯಿಂದ ಒಬ್ಬರು ಹೆಂಗಸು ಬಂದಿದ್ದರು, ಚಿತ್ರಗಳನ್ನು ತೂಗಿಹಾಕುವ ದೊಡ್ಡ ಗ್ಯಾಲರಿ ಇದೆಯಂತೆ. ಉಳಿದ ಹನ್ನೊಂದೂ ಕೌದಿ ಬೇಕು, ಹರಿದದ್ದನ್ನು ಹೊಲಿಯಬೇಡಿ, ಆ ಹರುಕೇ ಇದರ ಮಾತು ಎಂದರು. ಅಷ್ಟರಲ್ಲಿ ಎಲ್ಲರೂ ಹೊಲಿದಾಗಿತ್ತು. ಮಳೆ ಬರುತ್ತದಲ್ಲ, ಹೊದೆಯಲು ಬೇಡವೇ. ಅವರ ಮುಖ ಸಣ್ಣದಾಯಿತು. ಠಾಣೆಯಲ್ಲಿ ಮೂರು ಹಾಗೇ ಹರಿದು ಬಿದ್ದಿವೆ ಎಂದು ನಾನು ಹೇಳಿದೆ. ರಾತ್ರಿ ಪಾಳಿಯ ಪೊಲೀಸ ಅದರಲ್ಲೊಂದನ್ನು ಹೊದ್ದು ಮಲಗುತ್ತಾನೆ ಎಂದು ಯಾರೋ ಬಂದು ಹೇಳಿದರು, ಬಹುಶಃ ಮಾಯ್‌ದೇ. ನಾನು ಸಿಟ್ಟಿನಿಂದ ಎದ್ದೆ, ಹೋಗಿ ಕೇಳುತ್ತೇನೆ ಎಂದು. ಮಾಯ್ ಸೆರಗು ಹಿಡಿದು ಕೂರಿಸಿದಳು.

"ಹೊದ್ಕಳ್ಲಿ ಬಿಡು. ಹೊದಿಯೂಕೇ ಅಲ್ಲಾ ಹೊಲ್ದದ್ದು."

ತಹಶೀಲ್ದಾರರು ಬಂದು ಹಾದಿ ನೋಡಿ ಹೋದರು. ವಿಚಾರಣೆ ಮುಗಿಯುವ ತನಕ ಪ್ರತಿ ಭಾನುವಾರ ಮಧ್ಯಾಹ್ನದವರೆಗೆ ಬೀಗ ತೆಗೆದಿಡಬೇಕು ಎಂದಿದ್ದಾರೆ. ವಿಚಾರಣೆ ಯಾವಾಗ ಮುಗಿಯುತ್ತದೆ, ಆಮೇಲೆ ಏನು, ಗೊತ್ತಿಲ್ಲ. ಮಾಯ್ ಪ್ರತಿ ಭಾನುವಾರ ಹೋಗುತ್ತಾಳೆ. ಮನೆಯಲ್ಲಿ ಫೋನ್ ಕೊಟ್ಟರೆ ಹಾಂ ಎನ್ನುವವಳು, ನಾನು ಗುಡ್ಡದಲ್ಲಿ ಕೂತಾಗ ಫೋನ್ ಮಾಡು ಅಂತ ಅವನಿಗೆ ಹೇಳು ಎಂದಿದ್ದಾಳೆ. ತಾನಾಗಿ ಹೇಳಿದ್ದು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಜಸಿಂತ್

*

ಮಾಪ್ಸಾ
14 ಮೇ 2025

ಮತ್ತೆ ನೀರಿಲ್ಲ ಅಕ್ಕಾ. ಮೇಲಿನ ಮಹಡಿಯವರು ಮೋಟಾರು ಹಾಕಿ ಎಲ್ಲಾ ಎಳೆದುಕೊಳ್ಳುತ್ತಾರೆ. ಬ್ರಶ್ಶು ತೊಳೆಯಲಿಕ್ಕಾಗದೆ ಎರಡು ಕಲ್ಲಾಗಿವೆ, ನನ್ನ ಕೂಲಿಯಲ್ಲಿ ಹಿಡಿಯುತ್ತಾರೆ. ರೂಮಿನವನೊಬ್ಬ ಊರಿಗೆ ಹೋದ, ಹೋಗುವಾಗ ನನ್ನ ಚಪ್ಪಲಿ ಹಾಕಿಕೊಂಡು ಹೋದ.

ನಿನ್ನದೆಲ್ಲಾ ಓದಿದೆ. ಶುಕ್ರವಾರದ್ದನ್ನು ಬಹಳ ಸಲ ಓದಿದೆ. ಉತ್ತರ ಕೊಡಲು ಫೋನ್ ಬಾಯಿಯ ಹತ್ತಿರ ಹಿಡಿಯುತ್ತಿದ್ದೆ, ಅದು ಕಾಯುತ್ತಿತ್ತು, ನಾನೂ ಕಾಯುತ್ತಿದ್ದೆ, ಆಮೇಲೆ ಅದೇ ಬಂದ್ ಆಗುತ್ತಿತ್ತು. ಪೇಪರಿನ ಫೋಟೊ ಸೇಟ್‌ಗೆ ತೋರಿಸಿದೆ. ನಿನ್ನ ತಾಯಿ ಯಾರು ಇದರಲ್ಲಿ ಅಂತ ಕೇಳಿದರು. ತಂತಿಯ ಮೇಲೆ ಕೂತವಳು ಅಂದೆ. ಬಹಳ ಹೊತ್ತು ನೋಡಿದರು. ಈ ಮುಖ ಮಾಡಲು ನಮ್ಮ ಹತ್ತಿರ ಬಣ್ಣ ಇಲ್ಲ ಅಂದರು. ತಮಾಷೆಗೆ ಅಂದದ್ದಲ್ಲ.

ಬೀಗ ತೆಗೆಯುವುದಿಲ್ಲ ಅಂತ ನಾನು ಬರೆದಿದ್ದೆ. ತೆಗೆದದ್ದು ಭಾನುವಾರ ಅರ್ಧ ದಿನಕ್ಕೆ ಮಾತ್ರ. ಅದಕ್ಕೆ ಚೌಡನ ಮನೆಯ ಅನ್ನ ಹೋಯಿತು. ಲೆಕ್ಕ ಹಾಕಲು ನನಗೆ ಬರುವುದಿಲ್ಲ. ಉಲ್ಲಾಸ್ ಸೇಟ್ ಹತ್ತಿರ ಮೂರ್ತಿ ಹೊರುವ ಕೆಲಸಕ್ಕೆ ಒಬ್ಬರು ಬೇಕು. ಚೌಡ ಬರುತ್ತಾನಾ ಕೇಳು. ಬರಲಿಕ್ಕಿಲ್ಲ, ಆದರೂ ಕೇಳು. ಕೇಳುವವಳು ನೀನೇ ಆಗು, ಮಾಯ್ ಬೇಡ.

ಗೌರಕ್ಕ ಕೇಳಬಹುದು, ಹುಡುಗ ಅತ್ತನಾ ಅಂತ. ಇಲ್ಲ ಅನ್ನು. ಜೋಮು ಇನ್ನೂ ಹಾಗೇ ಇದೆ. ನೀನು ಹೇಳಿದ ಹಾಗೆ ಎದ್ದು ನಡೆದೆ, ಬಸ್ ಸ್ಟ್ಯಾಂಡಿನವರೆಗೆ. ಯಲ್ಲಾಪುರದ ಬಸ್ಸು ನಿಂತಿತ್ತು. ನೋಡಿ ಬಂದೆ. ಮಳೆ ಹಿಡಿಯುವ ಮೊದಲು ಸೇಟ್ ಎರಡು ದಿನ ಬಿಡುತ್ತೇನೆ ಅಂದಿದ್ದಾರೆ. ಬರುತ್ತೇನೆ ಅಂತ ಮಾಯ್‌ಗೆ ಈಗಲೇ ಹೇಳಬೇಡ, ಕಾಯುತ್ತಾಳೆ.

ಭಾನುವಾರ ಮಾಡುತ್ತೇನೆ. ಏನು ಮಾತಾಡಬೇಕು ಅಂತ ಗೊತ್ತಿಲ್ಲ, ಅವಳೂ ಮಾತಾಡಬೇಕು ಅಂತಿಲ್ಲ. ಸ್ಪೀಕರ್ ಹಾಕಬೇಡ, ಎಲ್ಲರೂ ಸುತ್ತ ನಿಲ್ಲುವುದು ಬೇಡ. ಫೋನನ್ನು ಕಿವಿಗೆ ಹಿಡಿದುಕೊಳ್ಳುವುದೂ ಬೇಡ ಅನ್ನು. ಪಾಯ್‌ನ ಹತ್ತಿರ ಮಣ್ಣಿನ ಮೇಲೆ ಇಟ್ಟು, ಅವಳ ಕೆಲಸ ಅವಳು ಮಾಡಲಿ, ಹುಲ್ಲು ಕೀಳುವುದಿದ್ದರೆ ಕೀಳಲಿ. ನಾನು ಇಲ್ಲಿ ಹಿಡಿದುಕೊಂಡಿರುತ್ತೇನೆ. ಪಾಯ್ ಮಲಗಿದ ಕಡೆ ಏನೇನು ಸದ್ದು ಕೇಳಿಸುತ್ತದೆ ಅಂತ ನನಗೆ ಗೊತ್ತೇ ಇಲ್ಲವಲ್ಲ.

ಪೂಜೆ ಮುಗಿಸಿ ನೀವು ಮೇಲೆ ತಲುಪುವಾಗ ಹತ್ತಾಗಬಹುದು. ಅವಳು ನಿಧಾನ ನಡೆಯುತ್ತಾಳೆ, ಆತುರ ಮಾಡಬೇಡ. ಹತ್ತೂವರೆಗೆ ಮಾಡುತ್ತೇನೆ.

ಸಾಲು